ಸ್ಟುಡಿಯೋದ ನದಿ

ಫೋಟೋಗಳೆಲ್ಲ ಕಪ್ಪು ಬಿಳುಪಾಗಿದ್ದರೂ ಮುಳಬಾಗಿಲಿನ ಸ್ಟುಡಿಯೋ ಮಾಲೀಕನಿಗೆ ಗಿರಾಕಿಗಳ ಹಿಂದೆ ಇಳಿಬಿಡಲು ನೀಲಿ ನದಿಯ ಪರದೆಯೇ ಬೇಕಿತ್ತು. ಬರೆದುಕೊಟ್ಟೆ. ಹತ್ತಿರದ ಬಂಡೆಗಳು ಒರಟು, ದೂರದ ಬೆಟ್ಟಗಳು ಮಂಜಿನಲ್ಲಿ ಮಸುಕು.

"ಹಿಂದಿನ ಬೆಟ್ಟಕ್ಕೆ ಬಣ್ಣ ಸಾಲ್ದೆ ಬಂತಾ ಸಾರ್?" ಎಂದ ಮಾಲೀಕ.

ಮೊದಲು ಬಂದವಳು ದೇವರಾಯಸಮುದ್ರದ ಹುಡುಗಿ. ಗಂಡಿನ ಕಡೆಯವರಿಗೆ ಕಳಿಸಲು ಫೋಟೋ ಬೇಕಿತ್ತು. ಪರದೆ ನೋಡಿದವಳು ಅದರ ಮುಂದೆ ನಿಲ್ಲಲು ಒಪ್ಪಲಿಲ್ಲ.

"ಚೆನ್ನಾಗೈತಲ್ಲಮ್ಮಾ, ನಿಂತ್ಕೋ," ಎಂದರು ಅವಳಪ್ಪ.

"ನಮ್ಮೂರಾಗೆ ನದಿ ಎಲ್ಲೈತೆ ನಾಯ್ನಾ? ಅವ್ರು ಇದನ್ನ ನೋಡಿ ಒಪ್ಕೊಂಡ್ರೆ, ಆಮೇಲೆ ನಾನೇನ್ ತೋರಿಸ್ಲಿ?"

ಪರದೆ ಸುತ್ತಿಟ್ಟು, ಬರೀ ಗೋಡೆಯ ಮುಂದೆ ಫೋಟೋ ತೆಗೆದರು. ಸಂಬಂಧ ಕುದುರಿತು.

ಮದುವೆಯಾದ ಮೇಲೆ ಗಂಡನನ್ನು ಕರೆತಂದು ನದಿಯನ್ನೇ ಇಳಿಬಿಡಿಸಿದಳು. ನಾನು ಅಲ್ಲೇ ಇನ್ನೊಂದು ಪರದೆ ಬರೆಯುತ್ತಿದ್ದೆ. "ಈಗ ಇರ್ಲಿ ಬಿಡಿ, ಇವ್ರು ನಮ್ಮೂರು ನೋಡವ್ರೆ," ಎಂದಳು.

ಗಂಡ ಮಾತ್ರ ಹೊಸ ಬೂಟು ನೆನೆದೀತೆಂಬಂತೆ ಪರದೆಯಿಂದ ಒಂದು ಹೆಜ್ಜೆ ಮುಂದೆ ಬಂದು ನಿಂತ. ನನ್ನ ನೀರಿಗೆ ಅಷ್ಟು ಮರ್ಯಾದೆ ಬೇರೆ ಯಾರೂ ಕೊಟ್ಟಿಲ್ಲ.