ಫೋಟೋ ಅಂದರೆ ಕಣ್ಣು ಮಿಟುಕಿಸದ ನಮ್ಮ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಬದುಕಿದ್ದಾರೆ ಅನ್ನುವುದನ್ನು ಮೆಷಿನ್ ಒಪ್ಪಲೇ ಇಲ್ಲ!

ಮೊನ್ನೆ ಅವರನ್ನು ಅರಸೀಕೆರೆ ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಸೆಂಟರ್‌ಗೆ ಕರೆದುಕೊಂಡು ಹೋಗಿದ್ದೆ. ದೊಡ್ಡಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಅವರು ಹೋದ ಮೇಲೆ ದೊಡ್ಡಮ್ಮನಿಗೆ ಪೆನ್ಷನ್ ಬರುತ್ತದೆ. ನವೆಂಬರ್ ಬಂತೆಂದರೆ ತಾನಿನ್ನೂ ಬದುಕಿದ್ದೇನೆ ಎಂದು ಹೆಬ್ಬೆಟ್ಟು ಒತ್ತಿ ತೋರಿಸಬೇಕು.

ಈ ಸಲ ಮೆಷಿನ್ ಒಂದು ಬೆರಳನ್ನೂ ಹಿಡಿಯಲಿಲ್ಲ. ಕೊಬ್ಬರಿ ಮಂಡಿಯಲ್ಲಿ ವರ್ಷಗಟ್ಟಲೆ ಚಿಪ್ಪು ಬಿಡಿಸಿದ ಕೈ... ಗೆರೆ ಎಲ್ಲಿ ಉಳಿದೀತು?

"ಎದುರಿಗೇ ಕುಂತಿದೀನಲ್ಲಪ್ಪ, ಇನ್ನೇನ್ ಸಾಕ್ಷಿ ಬೇಕು?" ಎಂದರು ದೊಡ್ಡಮ್ಮ.

ನನಗೆ ನಗು, ಅವರಿಗೆ ಭಯ. ಪೆನ್ಷನ್ ನಿಂತರೆ ಎಲೆಅಡಿಕೆಗೂ ಮಗನ ಮುಖ ನೋಡಬೇಕಲ್ಲ ಎಂಬ ಸಂಕಟ. ಮಗ ಒಳ್ಳೆಯವನೇ. ಆದರೆ ದುಡಿದು ತಿಂದ ಜೀವಕ್ಕೆ ಯಾರ ಮುಂದೂ ಕೈ ಚಾಚಿ ಅಭ್ಯಾಸವಿಲ್ಲ.

ಮೊಬೈಲಿಗೆ ಮುಖ ತೋರಿಸಿದರೂ ಆಗುತ್ತದೆ ಎಂದರು ಸೆಂಟರ್‌ನವರು. ಸರಿ, ದೊಡ್ಡಮ್ಮ ಸೆರಗು ಸರಿಮಾಡಿಕೊಂಡು, ಕಣ್ಣು ಅಗಲಿಸಿ, ನೆಟ್ಟಗೆ ಕೂತರು.

"ಕಣ್ ಮಿಟುಕ್ಸಿ ಅಜ್ಜಿ. ಮಿಟುಕ್ಸಿದ್ರೇನೇ ಇದು ತಗೊಳೋದು."

"ಫೋಟೋಗೆ ಯಾರಾದ್ರೂ ಕಣ್ ಮುಚ್ತಾರೇನಪ್ಪ?"

ಇದಕ್ಕೊಂದು ಕಥೆ ಇದೆ. ಅವರ ಮದುವೆಯಲ್ಲಿ ತೆಗೆದದ್ದು ಒಂದೇ ಫೋಟೋ, ಅದರಲ್ಲಿ ದೊಡ್ಡಮ್ಮನ ಕಣ್ಣು ಮುಚ್ಚಿದೆ. ದೊಡ್ಡಪ್ಪ ಇರುವವರೆಗೂ "ನಿದ್ದೆಗೌರಿ" ಅಂತಲೇ ರೇಗಿಸುತ್ತಿದ್ದರು.

ಆವತ್ತಿನಿಂದ ಕ್ಯಾಮೆರಾ ಕಂಡರೆ ದೊಡ್ಡಮ್ಮ ರೆಪ್ಪೆ ಬಡಿಯುವುದಿಲ್ಲ. ನಮ್ಮ ಮನೆಯ ಎಲ್ಲ ಫೋಟೋಗಳಲ್ಲೂ ಕಳ್ಳನನ್ನು ಕಂಡವರ ಹಾಗೆ ನಿಂತಿದ್ದಾರೆ.

ಹಿಂದೆ ಕ್ಯೂ ಬೆಳೆಯುತ್ತಿದೆ. ಬೇಡಿಕೊಂಡೆ, ಗದರಿದೆ... ಕಣ್ಣಲ್ಲಿ ನೀರು ತುಂಬಿತೇ ಹೊರತು ರೆಪ್ಪೆ ಅಲುಗಲಿಲ್ಲ.

ತಲೆಕೆಟ್ಟು, ದೊಡ್ಡಪ್ಪನ ದನಿಯಲ್ಲೇ ಕೂಗಿಬಿಟ್ಟೆ: "ಏಳೇ ನಿದ್ದೆಗೌರಿ! ರೈಲ್ ಬಂತು!"

ನಕ್ಕರು ನೋಡಿ ನಮ್ಮ ದೊಡ್ಡಮ್ಮ! ಎರಡೂ ಕಣ್ಣು ಮುಚ್ಚಿಹೋಗುವ ಹಾಗೆ ನಕ್ಕರು. ಮೊಬೈಲಲ್ಲಿ ಹಸಿರು ಟಿಕ್ ಬಂದೇ ಬಿಟ್ಟಿತು. ಕ್ಯೂನಲ್ಲಿದ್ದವರೆಲ್ಲ ಚಪ್ಪಾಳೆ.

ಆಮೇಲೆ ಅವರನ್ನು ಹಿಡಿಯುವವರು ಯಾರು? ಎಟಿಎಂನಲ್ಲಿ ಆ ತಿಂಗಳ ಪೆನ್ಷನ್ ಬಿಡಿಸಿಕೊಂಡವರೇ ಮೊಮ್ಮಗಳಿಗೆ ಬಳೆ ತೆಗೆದುಕೊಂಡರು. ಮಂಡಿಯ ಹಳೇ ಗೆಳತಿಯೊಬ್ಬರು ಈಗ ವೀಳ್ಯದೆಲೆ ಮಾರುತ್ತಾರೆ, ಅವರ ಹತ್ತಿರ ಎರಡು ಕಟ್ಟು ಎಲೆ. ಆ ಗೆಳತಿ ಅದೇ ನೋಟು ಕೊಟ್ಟು ಪಕ್ಕದ ಗಾಡಿಯಿಂದ ನಮಗೆ ಟೀ ತರಿಸಿದರು!

ನಾನು ಪಿಯು ಕಾಲೇಜಿನಲ್ಲಿ ಎಕನಾಮಿಕ್ಸ್ ಪಾಠ ಮಾಡುವವಳು. ದೇಶದಲ್ಲಿ ದುಡ್ಡು ಹೇಗೆ ತಿರುಗುತ್ತದೆ ಎಂದು ಪ್ರತಿ ವರ್ಷ ಬೋರ್ಡ್ ಮೇಲೆ ಬಾಣದ ಗುರುತು ಹಾಕುತ್ತೇನೆ. ಅದು ಅರಸೀಕೆರೆಯ ಬೀದಿಯಲ್ಲಿ ಕಣ್ಣೆದುರೇ ತಿರುಗುತ್ತಿರುವುದನ್ನು ನೋಡಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಕೊನೆಗೆ ಹೋಟೆಲಿನಲ್ಲಿ ಮಸಾಲೆ ದೋಸೆ, ಅದೂ ಅವರದೇ ಲೆಕ್ಕ. ಬಿಲ್ಲಿನಲ್ಲಿದ್ದ ಟ್ಯಾಕ್ಸ್ ತೋರಿಸಿದೆ.

"ಹೋಗ್ಲಿ ಬಿಡೇ. ನಿಮ್ ದೊಡ್ಡಪ್ಪ ಇಲ್ದಿದ್ರೂ ಅವ್ರ ಕೈಯಿಂದ ದೇಶಕ್ಕೆ ಒಂದಿಷ್ಟು ಹೋಗ್ತಾ ಐತೆ ಅಂದಂಗಾಯ್ತು" ಎಂದು ಬೀಗಿದರು.

ಮನೆಗೆ ಬಂದವರು ಚಪ್ಪಲಿ ಬಿಟ್ಟು, ನೇರವಾಗಿ ಆ ಮದುವೆ ಫೋಟೋ ಮುಂದೆ ಹೋಗಿ ನಿಂತರು.

"ನೋಡ್ರೀ, ಕಣ್ ಮುಚ್ಚಿದ್ದಕ್ಕೇ ನಿಮ್ ಪೆನ್ಷನ್ ಉಳ್ಕೊಂತು!"

ನಿಮ್ಮ ಮನೆಯ ಹಿರಿಯರು ಈ ಸಲ ಕಣ್ಣು ಮಿಟುಕಿಸಿದರಾ?