ಅಬೆನಮ್ಮನ ಎಲೆ

ಸ್ಕೋಕಿ ಊರಿನಲ್ಲಿ ನಮ್ಮ ಈಗಿನ ಮನೆ ಹತ್ತಿರದ ಆಫ್ರಿಕನ್ ಅಂಗಡಿಯಲ್ಲಿ ಶನಿವಾರಗಳಂದು ದಪ್ಪ ಬಾಳೆಹಣ್ಣಿಗೆ ಶುಂಠಿ, ಖಾರ ಸವರಿ ಕರಿಯುತ್ತಾರೆ. ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಬಂದ ಕೆಲಸ ಮರೆತು ನಿಂತುಬಿಡುತ್ತೇನೆ. ಪ್ಲಿಮತ್ ಊರಿನ ನಮ್ಮ ಹಳೆಯ ಮನೆ, ಮಹಾಲಯ ಅಮಾವಾಸ್ಯೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆ ಮುಂದೆ ನಿಂತ ನನ್ನಜ್ಜಿ, ಅವಳ ಪಕ್ಕದಲ್ಲಿ ಗ್ರೇಸ್ ಆಂಟಿ, ಎಲ್ಲರೂ ಒಟ್ಟಿಗೆ ಬಂದುಬಿಡುತ್ತಾರೆ.

ಅದು ರಿಸೆಷನ್ನಿನ ಕಾಲ. ಕಾರಿನ ಬಿಡಿಭಾಗ ಮಾಡುವ ಕಂಪನಿ ಅಪ್ಪನನ್ನು ಮನೆಗೆ ಕಳಿಸಿತ್ತು. ನಮ್ಮ ಬಡಾವಣೆಯಲ್ಲಿ ಹುಲ್ಲಿಗಿಂತ ಫಾರ್ ಸೇಲ್ ಬೋರ್ಡುಗಳೇ ಚೆನ್ನಾಗಿ ಬೆಳೆದಿದ್ದವು. ಪಕ್ಕದ ಮನೆಯ ಗ್ರೇಸ್ ಆಂಟಿ ಘಾನಾ ದೇಶದವರು, ನರ್ಸು. ಗಂಡನ ಕೆಲಸ ಹೋಗಿ, ಮನೆ ಬ್ಯಾಂಕಿನ ಪಾಲಾಗಿ, ಹ್ಯೂಸ್ಟನ್ನಿಗೆ ಹೊರಟಿದ್ದರು. ಹೋಗಿಬರುತ್ತೇನೆಂದು ಹೇಳಲು ಬಂದವರು, ನಮ್ಮ ಹಜಾರದಲ್ಲಿ ಸಾಲಾಗಿ ಹಾಕಿದ್ದ ಎಲೆಗಳನ್ನು ಕಂಡು ಅಲ್ಲೇ ನಿಂತರು. ಎಲೆಗಳ ಮುಂದೆ ಯಾರೂ ಕೂತಿರಲಿಲ್ಲ. ತಾತನಿಗೆ ಕೋಡುಬಳೆ, ಮುತ್ತಜ್ಜಿಗೆ ಕಜ್ಜಾಯ, ಹೀಗೆ ತೀರಿಹೋದವರಿಗೆ ಇಷ್ಟವಾದದ್ದನ್ನು ಬಡಿಸಿ, ಹೆಸರು ಹಿಡಿದು ಊಟಕ್ಕೆ ಕರೆಯುವುದು ನಮ್ಮ ಪದ್ಧತಿ.

"ಯಾರು ಬರ್ತಾರೆ ಊಟಕ್ಕೆ?" ಎಂದು ಆಂಟಿ ಕೇಳಿದರು. ಅಜ್ಜಿಗೆ ಇಂಗ್ಲಿಷ್ ಬಾರದು, ಹಾಗಾಗಿ ನಾನೇ ದುಭಾಷಿ. "ಸತ್ತೋದ ಹಿರೀಕರು ಅಂತ ಹೇಳೇ. ಇಲ್ಲಿ ಕಾಗೆಗಿಟ್ಟಿದ್ದನ್ನ ಅಳಿಲು ತಿಂದ್ಕೊಂಡ್ ಹೋಗತ್ತೆ, ಅದನ್ನೂ ಹೇಳು," ಎಂದಳು ಅಜ್ಜಿ. ಆಂಟಿ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ತಮ್ಮ ಅಜ್ಜಿ ಅಬೆನಾ ಕೂಡ ಉಣ್ಣುವ ಮೊದಲು ಹಿರಿಯರ ಹೆಸರು ಹೇಳಿ ನೆಲಕ್ಕೊಂದು ತುತ್ತು ಹಾಕುತ್ತಿದ್ದಳಂತೆ. ಊರಿಗೆ ಮಿಷನ್ ಬಂದಮೇಲೆ ಆಂಟಿಯ ಅಮ್ಮ ಕ್ರೈಸ್ತಳಾಗಿ, ಪಾದ್ರಿಗಳು ಊರಾಚೆ ಕಟ್ಟಿಸಿದ ಹೊಸ ಕೇರಿಗೆ ಹೋದಳಂತೆ. ಹಿರಿಯರಿಗೆ ಎತ್ತಿಟ್ಟ ಅನ್ನ ಮುಟ್ಟಕೂಡದೆಂದು ಆ ಕೇರಿಯ ಮಕ್ಕಳಿಗೆ ಕಟ್ಟಪ್ಪಣೆ. "ಮಿಷನ್ ಸ್ಕೂಲ್ ಇಲ್ದಿದ್ರೆ ನಾನು ನರ್ಸ್ ಆಗ್ತಿರ್ಲಿಲ್ಲ, ಬೈಯೋಕೆ ಬಾಯಿ ಬರಲ್ಲ. ಆದ್ರೆ ಅಜ್ಜಿ ಸತ್ಮೇಲೆ ಅವಳನ್ನ ಯಾರೂ ಊಟಕ್ಕೆ ಕರೀಲಿಲ್ಲ. ಈಗ ನಾನೇ ನಮ್ಮ ಚರ್ಚಿನ ಹಿರಿಯರಲ್ಲಿ ಒಬ್ಳು, ನಾನು ಕರೆಯೋ ಹಾಗಿಲ್ಲ. ನೀವು ಕರೀತೀರಾ?"

ಅಜ್ಜಿ ಇನ್ನೊಂದು ಎಲೆ ಹಾಕಿದಳು. "ಅವರಿಗೆ ಏನಿಷ್ಟ? ಕೇಳೇ." ಕೇಳಿದೆ. ಆಂಟಿಗೆ ಗೊತ್ತಿರಲಿಲ್ಲ. ತಮ್ಮಜ್ಜಿಯ ಮನೆಯಲ್ಲಿ ಅವರು ಉಂಡಿದ್ದರೆ ತಾನೆ! ಬೇಲಿಯಾಚೆ ನಿಂತಾಗ ಬಾಳೆಹಣ್ಣು ಕರಿಯುವ ವಾಸನೆ ಬರುತ್ತಿತ್ತು, ಅಷ್ಟೇ ನೆನಪು.

ಅಜ್ಜಿ ಅಪ್ಪನನ್ನು ಅಂಗಡಿಗೆ ಅಟ್ಟಿದಳು. ಬಾಳೆಹಣ್ಣು ಬಾಣಲೆಗೆ ಬಿದ್ದಾಗ ಆಂಟಿ ಕಣ್ಣು ಮುಚ್ಚಿ ಮೂಸಿ, "ಶುಂಠಿ ಸಾಲದು," ಎಂದರು. ಮತ್ತೆ ಮೂಸಿದರು, ಇನ್ನಷ್ಟು ಖಾರ ಹಾಕಿಸಿದರು. ಕೊನೆಗೊಮ್ಮೆ ಮೂಸಿದವರೇ ಅಜ್ಜಿಯ ತೋಳು ಹಿಡಿದುಕೊಂಡರು. ಅಜ್ಜಿ ಬಡಿಸಿ, ಕೈಮುಗಿದು, ನಮ್ಮ ಮನೆಯವರನ್ನೆಲ್ಲ ಕರೆದಾದ ಮೇಲೆ, "ಅಬೆನಮ್ಮಾ, ಊಟಕ್ಕೆ ಬಾರಮ್ಮಾ," ಎಂದು ಕೂಗಿದಳು. ಆಮೇಲೆ ಆ ಎಲೆಯ ಮುಂದೆ ಆಂಟಿಯನ್ನೇ ಕೂರಿಸಿದಳು. ಅವರು ಅಳುತ್ತಲೇ ಉಂಡರು.

ನಮ್ಮ ಆ ಮನೆಯೂ ಮುಂದಿನ ಬೇಸಿಗೆಗೆ ಮಾರಿಹೋಯಿತು. ಅಜ್ಜಿ ಈಗ ಇಲ್ಲ. ಮಹಾಲಯಕ್ಕೆ ಅವಳನ್ನೂ ಅಬೆನಮ್ಮನನ್ನೂ ನಾನೇ ಕರೆಯುತ್ತೇನೆ. ಹೋದ ತಿಂಗಳು ಹ್ಯೂಸ್ಟನ್ನಿನಿಂದ ಗ್ರೇಸ್ ಆಂಟಿಯ ಮಗಳು ಫೋನ್ ಮಾಡಿ, ಅಮ್ಮ ತೀರಿಕೊಂಡಳು ಎಂದಳು. ಅವರ ಚರ್ಚು ಒಪ್ಪುತ್ತದೋ ಇಲ್ಲವೋ, ಈ ಸಲ ಇನ್ನೊಂದು ಎಲೆ ಹಾಕುತ್ತೇನೆ. ಅವರಿಗೆ ಏನಿಷ್ಟವೆಂದು ನಾನು ಯಾರನ್ನೂ ಕೇಳಬೇಕಾಗಿಲ್ಲ.