ಈ ಅಂದ್ರೆ ಯಾವುದು?

ನಮ್ಮಮ್ಮನ ಪ್ರಕಾರ ಕಾಮಾಲೆಗೆ ಅರಿಶಿನವೇ ಶತ್ರು. ಹಳದಿಗೆ ಹಳದಿ ಸೇರಬಾರದಂತೆ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಒಂಟಿಕೊಪ್ಪಲಿನ ನಮ್ಮ ಬೀದಿಯಲ್ಲಿ ಪೈಪು ಒಡೆದು, ಚರಂಡಿ ನೀರು ನಲ್ಲಿಗೆ ಸೇರಿ, ಮನೆಮನೆಗೂ ಕಾಮಾಲೆ ಬಂತು. ಅಮ್ಮ ಅರಿಶಿನದ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು. ಮಜ್ಜಿಗೆಗೆ ಮಾತ್ರ ಅದೇ ನಲ್ಲಿಯ ಹಸಿ ನೀರು ಸುರಿಯುತ್ತಿದ್ದಳು. ಯಾರಿಗೆ ಹೇಳೋಣ ಇದನ್ನ!

ಮೊದಲು ಮಲಗಿದವರು ಅಪ್ಪ. ಅಮ್ಮ ಅರೆದುಕೊಟ್ಟ ಸೊಪ್ಪಿನ ರಸ ಕುಡಿದು, ಮೊಸರನ್ನ ತಿಂದು, ಗೊಣಗಿ ಗೊಣಗಿ ಕೊನೆಗೆ ಎದ್ದು ಅಂಗಡಿಗೆ ಹೋದರು. ಎಲ್ಲ ಸೊಪ್ಪಿನ ಮಹಿಮೆ ಎಂದು ಅಮ್ಮ ಬೀದಿಗೆಲ್ಲ ಸಾರಿದಳು. ಅಷ್ಟರಲ್ಲಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಅಕ್ಕನ ಕಣ್ಣು ಹಳದಿಯಾಯಿತು. ಎಂಟು ತಿಂಗಳು ತುಂಬಿತ್ತು. ಅಮ್ಮ ಮತ್ತೆ ಸೊಪ್ಪು ಅರೆಯಲು ಕೂತಳು. ಆಸ್ಪತ್ರೆಗೆ ಹೋಗಲೇಬೇಕೆಂದು ನಾನು ಜಗಳವಾಡಿ ಆಟೋ ಕರೆತಂದೆ.

ರಕ್ತ ಪರೀಕ್ಷೆ ನೋಡಿದ ಡಾಕ್ಟರಮ್ಮ ಹೆಪಟೈಟಿಸ್ ಈ ಎಂದರು.

"ಈ ಅಂದ್ರೆ ಯಾವುದು ತಾಯಿ?" ಎಂದಳು ಅಮ್ಮ.

ಅವರು ನಗಲಿಲ್ಲ. ಎ, ಬಿ, ಸಿ, ಡಿ ಆದ ಮೇಲೆ ಬರುವ ಈ ಎಂಬ ಅಕ್ಷರ ಅದು, ಕೊಳಕು ನೀರಿನಿಂದ ಹರಡುವ ವೈರಸ್ಸು ಎಂದು ಬಿಡಿಸಿ ಹೇಳಿದರು. ಹೆಚ್ಚಿನವರ ಲಿವರ್ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಅಪ್ಪನದೂ ಹಾಗೇ ಆದದ್ದು. ಆದರೆ ದಿನ ತುಂಬುತ್ತಿರುವ ಬಸುರಿಯಾದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಯಾಕೆ ಹಾಗೆ ಎಂದೆ. ಪೂರ್ತಿಯಾಗಿ ಯಾರಿಗೂ ಗೊತ್ತಿಲ್ಲ ಎಂದರು. ಒಂದೇ ನಲ್ಲಿ, ಒಂದೇ ಮಜ್ಜಿಗೆ! ಅಪ್ಪನನ್ನು ಬಿಟ್ಟುಹೋದ ರೋಗ ಅಕ್ಕನನ್ನು ಹಿಡಿದು ಕೂತಿತ್ತು.

ಅಕ್ಕನನ್ನು ಅಲ್ಲೇ ಸೇರಿಸಿಕೊಂಡರು. ಲಿವರ್ ಸೋತರೆ ಮಂಕು ಕವಿಯುತ್ತದೆ, ಮಾತಾಡಿಸುತ್ತಿರು, ಉತ್ತರ ತಪ್ಪಿದರೆ ಕೂಡಲೇ ಕರಿ ಎಂದು ನನಗೆ ಹೇಳಿದರು. ನಾನು ಬಿಡುತ್ತೇನೆಯೇ? ಇವತ್ತು ಯಾವ ವಾರ, ನಮ್ಮ ಮನೆ ಎಲ್ಲಿ, ನಾನ್ಯಾರು ಎಂದು ಅವಳ ಪ್ರಾಣ ತಿಂದೆ. ಒಂದು ಸಂಜೆ ಅವಳು ನನ್ನನ್ನೇ ತನ್ನ ಅತ್ತೆ ಎಂದುಕೊಂಡು "ಬನ್ನಿ, ಕೂತ್ಕೊಳ್ಳಿ" ಎಂದಳು. ಓಡಿ ನರ್ಸನ್ನು ಕರೆದೆ. ಅಕ್ಕನನ್ನು ಒಳಗಿನ ವಾರ್ಡಿಗೆ ಸಾಗಿಸಿದರು.

ಆ ವೈರಸ್ಸನ್ನು ಕೊಲ್ಲುವ ಮದ್ದು ಅವರಲ್ಲೂ ಇರಲಿಲ್ಲ. ಡ್ರಿಪ್ ಹಾಕಿ, ಕಣ್ಣಲ್ಲಿ ಕಣ್ಣಿಟ್ಟು ಕಾದರು. ಹೊರಗೆ ಬೆಂಚಿನ ಮೇಲೆ ಅಮ್ಮ ದೇವರನ್ನು ಬಿಟ್ಟು ಅಕ್ಕನ ಲಿವರನ್ನೇ ಬೇಡಿಕೊಳ್ಳುತ್ತಿದ್ದಳು. ಅದು ಕೇಳಿಸಿಕೊಂಡಿತೋ ಏನೋ. ನಮಗಾರಿಗೂ ಕಾಣದಂತೆ ಒಳಗೇ ತನ್ನ ಕೆಲಸ ಮಾಡುತ್ತಿತ್ತು.

ಒಂದು ಬೆಳಿಗ್ಗೆ ನನ್ನನ್ನು ಒಳಗೆ ಬಿಟ್ಟರು. ಹೆದರುತ್ತಲೇ ಅವಳ ಕೈ ಹಿಡಿದು ನಾನ್ಯಾರು ಹೇಳು ಎಂದೆ.

"ತಲೆ ತಿನ್ನೋಳು," ಎಂದಳು ಅಕ್ಕ. ನನ್ನ ಕೈಯನ್ನು ಮೆಲ್ಲಗೆ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ನೋಡು, ಇದನ್ನೂ ಎಬ್ಬಿಸ್ಬುಟ್ಟೆ ಕಣೇ."